ಬಾಣಂತನಕ್ಕೆ ತಾಸಿಗೆಷ್ಟು

ಫೋನು ಇಡುವ ಮೊದಲೇ ನಾನು ಅಡುಗೆಮನೆಯ ಕಪಾಟು ತೆರೆದು, ಅಳ್ವಿ ಎಷ್ಟಿದೆ, ಅಂಟು ಎಷ್ಟಿದೆ, ಉತ್ತತ್ತಿ ತರಬೇಕೋ ಬೇಡವೋ ಎಂದು ನೋಡತೊಡಗಿದ್ದೆ. ಬಾಣಂತಿಗೆ ಬೇಕಾಗುವ ಸಾಮಾನು ಅವು. ನನ್ನ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ. ನಾನಿರುವುದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ, ಬಸುರಿ ಹುಡುಗಿ ಇದ್ದದ್ದು ಸಿಡ್ನಿಯ ಲಿವರ್‌ಪೂಲಿನಲ್ಲಿ. ಬಾಣಂತನಕ್ಕೆ ಬರಬೇಕಾಗಿದ್ದ ಅವಳ ತಾಯಿ ಹುಬ್ಬಳ್ಳಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ವೀಸಾ ಬಂದಿತ್ತು, ಟಿಕೆಟ್ ಬುಕ್ ಆಗಿತ್ತು, ಅಷ್ಟರಲ್ಲಿ ಇದು.

"ಆಂಟಿ, ಅವ್ವ ಬರಂಗಿಲ್ಲ. ನೀವು ಬರ್ತೀರೇನು?" ಎಂದಳು ಹುಡುಗಿ. ಧ್ವನಿ ಗಟ್ಟಿಯಾಗಿಯೇ ಇತ್ತು. ಅದನ್ನು ಗಟ್ಟಿಯಾಗಿ ಇಡಲು ಅವಳು ಪಡುತ್ತಿದ್ದ ಕಷ್ಟವೂ ಕೇಳಿಸಿತು.

"ಬರ್ತೀನಿ," ಎಂದೆ. ಗಂಡನನ್ನು ಕೇಳಲಿಲ್ಲ, ಕ್ಯಾಲೆಂಡರ್ ನೋಡಲಿಲ್ಲ.

ಅವಳು ನನ್ನ ಬಳಗದವಳಲ್ಲ. ಓದಲೆಂದು ಮೆಲ್ಬರ್ನಿಗೆ ಬಂದು ಕ್ಲೇಟನ್ನಿನಲ್ಲಿ ಹುಡುಗಿಯರ ಜೊತೆ ರೆಂಟ್ ಹಂಚಿಕೊಂಡು ಇದ್ದಳು. ನಮ್ಮ ಕಡೆಯವರ ಮನೆಯ ಒಂದು ಪೂಜೆಯಲ್ಲಿ ಸಿಕ್ಕಳು. ನಾನು ಜೋಳದ ರೊಟ್ಟಿ ಬಡಿಯುತ್ತೇನೆಂದು ತಿಳಿದ ಮೇಲೆ ಭಾನುವಾರ ಬಂತೆಂದರೆ ಬಸ್ಸು ಹಿಡಿದು ನಮ್ಮ ಮನೆಗೇ. ಊಟ ಮಾಡಿ ಸೋಫಾದ ಮೇಲೆ ಮಗುವಿನ ಹಾಗೆ ನಿದ್ದೆ ಹೋಗುತ್ತಿದ್ದಳು. ಖರ್ಚಿಗೆಂದು ಆಗ ಒಂದು ವೃದ್ಧಾಶ್ರಮದಲ್ಲಿ ಕೆಲಸ ಹಿಡಿದಿದ್ದಳು, ಮುದುಕರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ನಡೆಸುವುದು. ಜೊತೆಯ ಹುಡುಗಿಯರೆಲ್ಲ ಇಲ್ಲೇ ನೆಲೆಸಲು ಪಿಆರ್ ಸಿಕ್ಕ ಕೂಡಲೇ ಅಂಥ ಕೆಲಸ ಬಿಟ್ಟು ಕಂಪ್ಯೂಟರಿನ ಮುಂದೆ ಕುಳಿತರು. ಇವಳು ಬಿಡಲಿಲ್ಲ. ಮದುವೆಯಾಗಿ ಸಿಡ್ನಿಗೆ ಹೋದಾಗಲೂ ಅಲ್ಲಿ ಅದೇ ಕೆಲಸ ಹುಡುಕಿಕೊಂಡಳು.

ನಾನು ಬರುತ್ತೇನೆಂದ ಮೇಲೆ ಅವಳು ಇನ್ನೊಂದು ಮಾತು ಕೇಳಿದಳು. "ಆಂಟಿ, ಎಷ್ಟು ತಗೋತೀರಿ?"

"ಏನು ಎಷ್ಟು?"

"ರೊಕ್ಕ."

"ಹುಚ್ಚಿ ಇದ್ದೀಯೇನು? ಮಗಳ ಬಾಣಂತನಕ್ಕ ಯಾರರೆ ರೊಕ್ಕ ತಗೋತಾರ?"

"ಮಗಳು ಗಿಗಳು ಅನಬ್ಯಾಡ್ರಿ. ನಮ್ಮ ಮ್ಯಾನೇಜರೂ ಹಂಗ ಅಂತಾಳ. 'ನಾವೆಲ್ಲಾ ಒಂದ ಫ್ಯಾಮಿಲಿ' ಅಂದಳಂದ್ರ ಅವತ್ತು ಯಾರೋ ಒಬ್ಬರು ಪುಕ್ಕಟೆ ಓವರ್‌ಟೈಮ್ ಮಾಡಬೇಕು ಅಂತ ತಿಳ್ಕೋಬೇಕು."

ನಗು ತಡೆಯಲಾಗಲಿಲ್ಲ. ನಗುತ್ತಲೇ, "ಆತು ಬಿಡು, ತಿಳದು ಕೊಡ್ರಿ," ಎಂದುಬಿಟ್ಟೆ.

ನಮ್ಮ ಊರಲ್ಲಿ ಇದು ಎಲ್ಲರೂ ಆಡುವ ಮಾತು. ಬಳೆ ತೊಡಿಸುವವರು, ಪೂಜೆ ಮಾಡಿಸಿದ ಅಯ್ಯನವರು, ಬಾಣಂತಿಗೆ ಎರೆಯಲು ಬರುವ ಹೆಣ್ಣುಮಗಳು, ಎಲ್ಲರೂ 'ತಿಳದು ಕೊಡ್ರಿ' ಎನ್ನುತ್ತಾರೆ, ಮತ್ತು ಎಷ್ಟು ಕೊಡಬೇಕೆಂದು ಎಲ್ಲರಿಗೂ ತಿಳಿದೇ ಇರುತ್ತದೆ. ಕಡಿಮೆ ಕೊಟ್ಟರೆ ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಗುತ್ತದೆ. ಸಿಡ್ನಿಯಲ್ಲಿ ಓಣಿ ಎಲ್ಲಿಂದ ತರುವುದು? ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮನೆಯಲ್ಲಿ ಗಂಡ, "ರೊಕ್ಕದ ಮಾತು ಯಾಕ ಬಂತು ನಡುವ? ಮಂದಿ ಏನಂದಾರು?" ಎಂದರು. ಹನ್ನೆರಡನೆಯ ತರಗತಿಯ ಮಗಳು ಫೋನಿನಿಂದ ತಲೆ ಎತ್ತದೆ, "ಮಮ್, ದಟ್ಸ್ ಎ ಜಾಬ್. ಚಾರ್ಜ್ ದೆಮ್," ಎಂದಳು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ. "ಸಾರು, ಪಲ್ಯ ಫ್ರೀಜರಿನಾಗ ಅದಾವ. ಬಿಸಿ ಮಾಡ್ಕೊಂಡು ಉಣ್ರಿ."

ಒಬ್ಬಳೇ ವಿಮಾನ ಹತ್ತಿದ್ದು ಅದೇ ಮೊದಲು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇರುತ್ತದಲ್ಲ, ಏರ್‌ಪೋರ್ಟಿನ ತಪಾಸಣೆಯಲ್ಲಿ ಅದು ಯಂತ್ರವನ್ನು ಕುಂಯ್ ಎಂದು ಕೂಗಿಸಿತು. ಸಮವಸ್ತ್ರದ ಹೆಂಗಸೊಬ್ಬಳು ಬಂದು ಏನದು ಎಂದಳು. "ಮೈ ಗಾಡ್," ಎಂದೆ. ಅವಳು ಗಾಬರಿಯಾಗಿ, "ಆರ್ ಯು ಓಕೆ?" ಎಂದಳು. ಮುಚ್ಚಳ ತೆರೆದು ತೋರಿಸಿದೆ. ಮುಟ್ಟಲಿಲ್ಲ ಪುಣ್ಯಾತ್ಗಿತ್ತಿ, ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿ, "ಬ್ಯೂಟಿಫುಲ್" ಎಂದು ಕಳಿಸಿಕೊಟ್ಟಳು. ಅವಳ ಮಕ್ಕಳು ಚೆನ್ನಾಗಿರಲಿ ಎಂದುಕೊಂಡು ಓಡಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೇಳದೆ ಸಿಕ್ಕದ್ದು, ಅದಕ್ಕೂ ಶಿವನಿಗೆ ಒಂದು ಶರಣು ಹೇಳಿದೆ.

ನಾನು ಹೋದ ಮೂರನೆಯ ದಿನಕ್ಕೆ ಹೆರಿಗೆಯಾಯಿತು. ಹೆಣ್ಣುಕೂಸು. ಆಸ್ಪತ್ರೆಯಿಂದ ತಂದಾಗ ಮೊರದಲ್ಲಿ ಇಡಬಹುದಾದಷ್ಟು ಇತ್ತು, ಕೂಗು ಮಾತ್ರ ಪಕ್ಕದ ಸಬರ್ಬಿಗೂ ಕೇಳಬೇಕು.

ಹುಡುಗಿಯ ಗಂಡ ಬೆಂಗಳೂರಿನವನು, ಸಾಫ್ಟ್‌ವೇರಿನವನು, ಒಳ್ಳೆಯ ಹುಡುಗ. ನಾನು ತಮಾಷೆಗೆ ಅವನನ್ನು 'ಅಳಿಯಂದಿರು' ಎಂದೇ ಕರೆಯುತ್ತಿದ್ದೆ. ಪಾಪ, ಮೊದಲ ವಾರವೇ ಅವನನ್ನು ಕುಣಿಸಿದೆ. ಬಾಣಂತಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಕೂದಲಿಗೆ ಲೋಬಾನದ ಹೊಗೆ ಹಾಕಬೇಕಲ್ಲ? ಹಾಕಿದೆ. ಮನೆಯ ಅಷ್ಟೂ ಸ್ಮೋಕ್ ಅಲಾರ್ಮುಗಳು ಒಟ್ಟಿಗೆ ಬಾಯಿ ಬಿಟ್ಟವು. ಕೂಸು ಕಿರುಚಿತು. ಮನೆಯಿಂದಲೇ ಕೆಲಸ ಮಾಡುತ್ತ ಮೀಟಿಂಗಿನಲ್ಲಿದ್ದ ಅಳಿಯ ಟವೆಲ್ ಹಿಡಿದು ಓಡಿಬಂದು, ಕುರ್ಚಿ ಹತ್ತಿ ಅಲಾರ್ಮಿಗೆ ಗಾಳಿ ಬೀಸುತ್ತ, "ಆಂಟಿ, ಫೈರ್ ಬ್ರಿಗೇಡ್ ಬಂದ್ರೆ ನೀವೇ ಮಾತಾಡ್ಬೇಕು!" ಎಂದ. ಬಾಣಂತಿ ನಗಲಿಕ್ಕೆ ಹೋಗಿ ಹೊಲಿಗೆ ಹಿಡಿದುಕೊಂಡು, "ನಗಸಬ್ಯಾಡ್ರಿ, ಸಾಯ್ತೀನಿ," ಎಂದಳು. ಮರುದಿನದಿಂದ ಹೊಗೆ ಹಿತ್ತಲಿನ ಬಾಗಿಲು ತೆರೆದಿಟ್ಟು, ಹೊಸ್ತಿಲ ಒಳಗೇ, ಗಾಳಿಗೆ ಛತ್ರಿ ಅಡ್ಡ ಹಿಡಿದು.

ನನಗೆ ಆ ದಿನಗಳು ಹಬ್ಬದ ಹಾಗಿದ್ದವು. ಬೆಳಿಗ್ಗೆ ಬೇಗ ಎದ್ದು ಲಿಂಗಪೂಜೆ, ಆಮೇಲೆ ಕೂಸಿಗೆ ಎಣ್ಣೆ, ನೀರು, ತಾಯಿಗೆ ಎಣ್ಣೆ, ನೀರು. ಹೊಟ್ಟೆಗೆ ನನ್ನದೇ ಹಳೆಯ ಕಾಟನ್ ಸೀರೆ ಬಿಗಿಯುವುದು. ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ, ಮೆತ್ತಗಿನ ರೊಟ್ಟಿ. ನಲ್ಲಿ ತಿರುಗಿಸಿದರೆ ಸುಡುಸುಡು ನೀರು! ನಮ್ಮ ಅತ್ತೆ ನನಗೆ ಎರೆಯುವಾಗ ಒಲೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದದ್ದು ನೆನಪಾಗಿ, ಆ ನಲ್ಲಿಯನ್ನೇ ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸುತ್ತಿತ್ತು.

ಇವೆಲ್ಲ ಸುಲಭದ ಕೆಲಸಗಳು. ಕಲಿತ ಕೈ ತಾನೇ ನಡೆಯುತ್ತದೆ, ಒಳಗೆ ಪಂಚಾಕ್ಷರಿ ನಡೆದಿರುತ್ತದೆ. ಕಷ್ಟ ಶುರುವಾಗುತ್ತಿದ್ದದ್ದು ಇಳಿಹೊತ್ತಿಗೆ. ಕೂಸು ಆಗ ಕಾರಣವಿಲ್ಲದೆ ಅಳಲು ಹಿಡಿಯುತ್ತಿತ್ತು. ಹಾಲು ಕುಡಿದಿದೆ, ಬಟ್ಟೆ ಒಣಗಿದೆ, ಹೊಟ್ಟೆ ಮೆತ್ತಗಿದೆ, ಆದರೂ ಅಳು. ಕೂಸು ಅಳುತ್ತದೆಂದು ತಾಯಿ ಅಳುವಳು, ತಾಯಿ ಅಳುತ್ತಾಳೆಂದು ಅಳಿಯ ಫೋನಿನಲ್ಲಿ ಏನೇನೋ ಹುಡುಕುತ್ತ ಎಲ್ಲರಿಗೂ ಒಂದೊಂದು ರೋಗದ ಹೆಸರು ಓದಿ ಹೇಳುವನು. ಆ ಹೊತ್ತಿನಲ್ಲಿ ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂಡಬೇಕು. ನೋಡಿದವರಿಗೆ ಸುಮ್ಮನೆ ಕೂತಂತೆ. ಕೈ ಬಿಗಿಯಬಾರದು, ಧ್ವನಿ ಏರಬಾರದು, ಮುಖ ಕಂದಬಾರದು. ಯಾಕೆಂದರೆ ಮೂವರೂ ನನ್ನ ಮುಖ ನೋಡಿಯೇ ಹೆದರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು, ಕೂಸೂ ಸೇರಿ. ಆಗ ಜಪ ಕೂಡ ಬಾಯಿಗೆ ಬರುತ್ತಿರಲಿಲ್ಲ.

ಒಂದು ದಿನ ಅಳು ನಿಂತ ಮೇಲೆ ಬಾಣಂತಿ ನನ್ನನ್ನೇ ನೋಡುತ್ತ ಹೇಳಿದಳು. "ನನ್ನ ಕೆಲಸಾನೂ ಇದ ನೋಡ್ರಿ ಆಂಟಿ. ಹ್ಯಾಂಗ ಎತ್ತಬೇಕು, ಹ್ಯಾಂಗ ಸ್ನಾನ ಮಾಡಸಬೇಕು, ಎಲ್ಲಾ ಕಲಸ್ತಾರ. ಒಬ್ಬಾಕಿ ಅಜ್ಜಿ ದಿನಾ ಕೇಳ್ತಾಳ, 'ನನ್ನ ಗಂಡ ಯಾಕ ಇನ್ನೂ ಬಂದಿಲ್ಲ?' ಅಂತ. ಆತ ಸತ್ತು ವರ್ಷಗಟ್ಟಲೆ ಆಗೇದ. ದಿನಾ ಮೊದಲ್ನೇ ಸಲ ಕೇಳಿದಂಗ ಮುಖಾ ಇಟ್ಕೊಂಡು ಆಕಿನ ಸಮಾಧಾನ ಮಾಡಬೇಕು. ಅದನ್ನ ಯಾರೂ ಕಲಸಂಗಿಲ್ಲ. ಅದಕ್ಕ ರೇಟೂ ಇಲ್ಲ."

"ಆ ಕೆಲಸ ಬಿಟ್ಟಿರಲಿಕ್ಕೆ ಆಗತದೇನು?" ಎಂದು ಕೇಳಿದೆ.

ಅವಳು ಗಂಡನ ಕೋಣೆಯ ಕಡೆ ನೋಡಿದಳು. ಆಗ ತಿಳಿಯಿತು, ಮನೆಯಲ್ಲಿ ಅದೇ ಮಾತು ನಡೆದಿದೆ ಎಂದು.

ಸಂಗತಿ ಇಷ್ಟು. ರಜೆ ಮುಗಿದ ಮೇಲೆ ಬರುತ್ತೀಯೋ ಇಲ್ಲವೋ ಎಂದು ವೃದ್ಧಾಶ್ರಮದ ಮ್ಯಾನೇಜರ್ ಕೇಳಿದ್ದಳು. ಇವಳು ಹೇಳದಿದ್ದರೆ ಇವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಅಳಿಯನ ಮನಸ್ಸಿನಲ್ಲಿ ಬೇರೆಯೇ ಇತ್ತು. ಸಾಫ್ಟ್‌ವೇರ್ ಟೆಸ್ಟಿಂಗ್ ಎಂಬ ಒಂದು ಕೋರ್ಸು, ಕೆಲವೇ ತಿಂಗಳದ್ದು, ಮುಗಿಸಿದರೆ ಅವನ ಆಫೀಸಿನಲ್ಲೇ ಕೆಲಸ ಸಿಗುವ ಸಂಭವ. ಮರುದಿನ ಊಟಕ್ಕೆ ಕೂತಾಗ ಅವನೇ ನನ್ನನ್ನು ಪಂಚಾಯ್ತಿಗೆ ಎಳೆದ.

"ಆಂಟಿ, ನೀವೇ ಹೇಳಿ. ಇವಳಿಗೆ ಒಳ್ಳೆ ಡಿಗ್ರಿ ಇದೆ. ಇನ್ನೂ ಅದೇ ಸರ್ವಿಸ್ ಕೆಲಸ ಮಾಡ್ತೀನಿ ಅಂದ್ರೆ? ಅದೇನ್ ಸ್ಕಿಲ್ ಆಂಟಿ, ಯಾರು ಬೇಕಾದ್ರೂ ಮಾಡ್ಬಹುದು. ಚೈಲ್ಡ್‌ಕೇರ್‌ಗೆ ಕೊಟ್ಟು, ಪೆಟ್ರೋಲ್ ಹಾಕ್ಸಿದ್ರೆ ಅವಳ ಸಂಬಳದಲ್ಲಿ ಏನ್ ಮಹಾ ಉಳಿಯುತ್ತೆ? ಮಾರ್ಟ್‌ಗೇಜ್ ಇದೆ ತಲೆ ಮೇಲೆ."

ಹುಡುಗಿ ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನುತ್ತಿರಲಿಲ್ಲ. ನಾನು, "ಉಣ್ಣೋ ಮುಂದ ಬ್ಯಾಡ ಅಳಿಯಂದಿರ, ಹಾಲು ಬತ್ತತದ," ಎಂದು ಮಾತು ಮುರಿದೆ. ಹಾಲಿನ ಹೆಸರು ಹೇಳಿದರೆ ಅವನು ಮಂತ್ರ ಹಾಕಿದ ಹಾಗೆ ಸುಮ್ಮನಾಗುತ್ತಿದ್ದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನ ಕೆಲಸವೂ ಆರಾಮದ್ದಲ್ಲ. ಒಂದು ಮಧ್ಯಾಹ್ನ ಅವರ ಸಿಸ್ಟಮ್ ಏನೋ ಕೆಟ್ಟುಹೋಗಿ, ಎ.ಸಿ. ಹಾಕಿದ ಕೋಣೆಯಲ್ಲೂ ಅವನ ಹಣೆ ಬೆವತದ್ದನ್ನು ಕಂಡಿದ್ದೆ. ಚಹಾ ಒಯ್ದು ಇಟ್ಟರೆ ಅದು ಆರಿ ಕೆನೆಗಟ್ಟಿತು. ಆದರೆ ಅವನ ಕಷ್ಟಕ್ಕೆ ಒಂದು ಹೆಸರಿತ್ತು, ಆ ಹೆಸರಿಗೆ ಒಂದು ಸಂಬಳವಿತ್ತು.

ಮರುದಿನ ಶನಿವಾರ. ಬಾಣಂತಿ ಒಳಗೆ ಹಾಲು ಕುಡಿಸುತ್ತಿದ್ದಳು. ನಾನು ಅಂಟಿನ ಉಂಡೆ ಕಟ್ಟುತ್ತಿದ್ದೆ. ಅಳಿಯ ಬಂದು ಎದುರಿಗೆ ಕೂತ. ಏನೋ ಹೇಳಬೇಕೆಂದು ಬಂದವನ ಹಾಗೆ ಒಂದು ಉಂಡೆ ತಿಂದ, ಇನ್ನೊಂದು ತಿಂದ.

"ಆಂಟಿ, ತಪ್ಪು ತಿಳ್ಕೋಬೇಡಿ. 'ತಿಳಿದು ಕೊಡಿ' ಅಂದಿದ್ರಂತೆ. ನನಗೆ ಎಷ್ಟು ಅಂತ ಗೊತ್ತೇ ಆಗ್ತಿಲ್ಲ. ನಿದ್ದೆ ಬರ್ತಿಲ್ಲ. ಕಡಿಮೆ ಆದ್ರೆ ನಿಮಗೆ ಅವಮಾನ, ಜಾಸ್ತಿ ಆದ್ರೆ ನೀವು ವಾಪಸ್ ಕೊಡ್ತೀರಿ. ನಮ್ಮಮ್ಮನ ಕೇಳಿದ್ರೆ ಒಂದು ರೇಷ್ಮೆ ಸೀರೆ ಅಂತಾರೆ. ಅದಕ್ಕೆ ನಾನೇ ಸ್ವಲ್ಪ ರಿಸರ್ಚ್ ಮಾಡ್ದೆ."

"ಏನಂತ ಮಾಡಿದ್ರಿ?"

"ನಿಮ್ಮ ಕೆಲಸಾನ ಭಾಗ ಮಾಡ್ದೆ. ಎಣ್ಣೆ ಮಸಾಜ್ ಇದ್ಯಲ್ಲ, ಅದು ಪಕ್ಕಾ ಸ್ಕಿಲ್. ಅದಕ್ಕೆ ಇಲ್ಲಿ ಫಿಸಿಯೋಗಳು ತಗೊಳ್ಳೋ ರೇಟ್. ಅಡುಗೆಗೆ ಕೇಟರಿಂಗ್ ತರ. ಇನ್ನು ಸಂಜೆ ಪಾಪೂನ ಎತ್ಕೊಂಡು ಕೂತಿರ್ತೀರಲ್ಲ..." ಎಂದು ತಡೆದ.

"ಹೂಂ, ಅದಕ್ಕ?"

"ಅದು ಪ್ರೀತಿ ಅಲ್ವಾ ಆಂಟಿ. ಅದಕ್ಕೆ ರೇಟ್ ಹಾಕಿದ್ರೆ ನಿಮಗೇ ಬೇಜಾರಾಗುತ್ತೆ."

ನನಗೆ ಕೋಪ ಬರಲಿಲ್ಲ. ಒಂದು ಥರ ಉತ್ಸಾಹವೇ ಎದ್ದಿತು. ನನ್ನ ಕೆಲಸವನ್ನು ಹೀಗೆ ಬಿಡಿಸಿ ಬಿಡಿಸಿ ಎದುರಿಗೆ ಇಟ್ಟು ಮಾತಾಡಿದವರು ಯಾರೂ ಇರಲಿಲ್ಲ. ಮದುವೆಯಾದಂದಿನಿಂದ ಮಾಡಿದ್ದೇ ಮಾಡಿದ್ದು, 'ನಮ್ಮವ್ವನ ಕೈ ಬಂಗಾರ' ಎಂಬ ಮಾತು ಕೇಳಿದ್ದೇ ಕೇಳಿದ್ದು. ಅಂಟು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಅಳಿಯಂದಿರ, ನೀವು ಎಲ್ಲಾ ತಿರುವುಮುರುವು ಮಾಡೀರಿ. ಎಣ್ಣಿ ಹಚ್ಚೋದು ನನಗ ಆಟ. ಅಡಗಿ ನಿದ್ದಿಗಣ್ಣಿನಾಗ ಮಾಡ್ತೀನಿ. ನನ್ನ ಜೀವ ಹಿಂಡಿ ಹಿಪ್ಪಿ ಮಾಡೋದು ಆ ಸಂಜೀ ಕುರ್ಚಿ. ಅದನ್ನ ಪುಕ್ಕಟೆ ಅಂತೀರಿ."

"ಹಾಗಾದ್ರೆ ನೀವೇ ಹೇಳ್ಬಿಡಿ ಆಂಟಿ. ಪ್ಲೀಸ್."

ಇಷ್ಟು ವಯಸ್ಸಾದರೂ ನನ್ನ ಕೆಲಸಕ್ಕೆ ಇಷ್ಟು ಎಂದು ನನ್ನ ಬಾಯಿಂದ ಹೇಳಿದವಳಲ್ಲ. ಆಗ ಮನಸ್ಸಿಗೆ ಬಂದದ್ದನ್ನು ಶಿವನೇ ನುಡಿಸಿದ ಎಂದು ಇವತ್ತಿಗೂ ನಂಬಿದ್ದೇನೆ.

"ಭಾಗ ಗೀಗ ಬ್ಯಾಡ. ಎಲ್ಲಾದಕ್ಕೂ ಒಂದ ರೇಟು. ನಿಮ್ಮ ಹೆಂಡತಿಗೆ ಆ ಮುದುಕರ ಮನ್ಯಾಗ ತಾಸಿಗೆ ಎಷ್ಟು ಕೊಡ್ತಾರ, ಅಷ್ಟ ನನಗೂ ಕೊಡ್ರಿ. ಇಬ್ಬರದೂ ಒಂದ ಕೆಲಸ. ಅಕೀದು ಜೀವನದ ಆ ತುದಿ, ನಂದು ಈ ತುದಿ."

ಅವನು ಕಣ್ಣು ಮೇಲೆ ಮಾಡಿ ಮನಸ್ಸಿನಲ್ಲೇ ಗುಣಿಸಿದ. ಬೆಳಗಿನಿಂದ ಸಂಜೆಯವರೆಗೆ, ಅಷ್ಟು ವಾರ. ಮುಖ ಬೆಳ್ಳಗಾಯಿತು.

"ಅಯ್ಯೋ ಆಂಟಿ, ಅದು ಸಿಕ್ಕಾಪಟ್ಟೆ ಜಾಸ್ತಿ ಆಗುತ್ತೆ!"

"ಏನಂದಿ?"

ಬಾಗಿಲಲ್ಲಿ ಬಾಣಂತಿ ನಿಂತಿದ್ದಳು. ತಲೆಗೆ ಕಟ್ಟಿದ ಸ್ಕಾರ್ಫು, ಹೊಟ್ಟೆಗೆ ಬಿಗಿದ ನನ್ನ ಸೀರೆ, ಹೆಗಲ ಮೇಲೆ ಕೂಸು. ಕುಸ್ತಿಗೆ ಇಳಿಯುವ ಪೈಲ್ವಾನನ ಹಾಗೆ ಕಂಡಳು.

"ನಿನ್ನೆ ಅದ ರೇಟಿಗೆ 'ಏನ್ ಮಹಾ' ಅಂದಿದ್ದಿ. ನಾ ತಗೋಳೋ ಮುಂದ ಸಣ್ಣದು, ನೀ ಕೊಡೋ ಮುಂದ ಸಿಕ್ಕಾಪಟ್ಟೆ?"

ಅಷ್ಟರಲ್ಲಿ ಕೂಸು ದೊಡ್ಡದೊಂದು ತೇಗು ತೇಗಿತು, ಪಂಚರು ತೀರ್ಪು ಕೊಟ್ಟ ಹಾಗೆ. ಮೊದಲು ನಕ್ಕವನು ಅಳಿಯನೇ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. "ಔಟ್," ಎಂದ. "ಕ್ಲೀನ್ ಬೋಲ್ಡ್."

ಆದರೆ ಅವನು ಸುಮ್ಮನೆ ಸೋಲುವವನಲ್ಲ. ನೀರು ಕುಡಿದು ಮತ್ತೆ ಕೂತ. "ಒಂದ್ನಿಮಿಷ. ಸಂಬಳ ಕಷ್ಟ ನೋಡಿ ಕೊಡಲ್ಲ ಆಂಟಿ. ಕಷ್ಟ ನೋಡಿ ಕೊಡೋದಾದ್ರೆ ಬಿಸಿಲಲ್ಲಿ ರೋಡ್ ಅಗೆಯೋರು ಎಲ್ಲರಿಗಿಂತ ಶ್ರೀಮಂತರಾಗಿರ್ಬೇಕಿತ್ತು. ಆ ಕೆಲಸ ಮಾಡೋರು ಎಷ್ಟು ಜನ ಸಿಗ್ತಾರೆ ಅನ್ನೋದು ಮುಖ್ಯ. ಕಡಿಮೆ ಜನ ಸಿಕ್ರೆ ರೇಟ್ ಜಾಸ್ತಿ."

ಅದು ನನಗೂ ಸರಿ ಅನ್ನಿಸಿತು. ಬಂಗಾರದ ಹಾಗೆ. "ಆತು. ಲಿವರ್‌ಪೂಲಿನಾಗ ಹಿಂಗ ಬಾಣಂತನ ಮಾಡೋರು ಎಷ್ಟು ಮಂದಿ ಸಿಕ್ಕರು ನಿಮಗ?"

ಅವನು ಬೆರಳು ಎತ್ತಲು ಹೋಗಿ ಇಳಿಸಿದ. "ಸಿಡ್ನಿ ಪೂರ್ತಿ ಹುಡುಕಿದ್ವಿ. ಕೊನೆಗೆ ಮೆಲ್ಬರ್ನಿಂದ ಕರೆಸಿದ್ವಿ."

"ನಮ್ಮಲ್ಲಿ ಕೇಳು," ಎಂದಳು ಹುಡುಗಿ. "ನಮ್ಮಲ್ಲಿ ಯಾವಾಗ್ಲೂ ಜನ ಬೇಕು ಅಂತ ಬೋರ್ಡ್ ಇರ್ತದ. ಬರ್ತಾರ, ಒಂದು ವಾರ ನೋಡ್ತಾರ, ಓಡಿಹೋಗ್ತಾರ. ಉಳಿಯೋರ ಇಲ್ಲ. ನಿನ್ನ ಲೆಕ್ಕದ ಪ್ರಕಾರ ನನ್ನ ಸಂಬಳ ಎಲ್ಲಿರಬೇಕು?"

ಅಳಿಯ ಹುಬ್ಬು ಗಂಟಿಕ್ಕಿದ. ಸಿಟ್ಟಲ್ಲ. ಸಿಸ್ಟಮ್ ಕೆಟ್ಟಾಗ ಅದರ ಮುಂದೆ ಕೂತು ನೋಡುತ್ತಿದ್ದನಲ್ಲ, ಅದೇ ಮುಖ. ಕಡೆಗೆ, "ಏರ್ಬೇಕಿತ್ತು. ಯಾಕ್ ಏರಿಲ್ಲ?" ಎಂದು ತನ್ನನ್ನೇ ಕೇಳಿಕೊಂಡ.

ಯಾಕೆಂದು ನನಗೂ ಗೊತ್ತಿಲ್ಲ. ನಾನು ಓದಿದವಳಲ್ಲ. ಆದರೆ ಒಂದು ಕೆಲಸಕ್ಕೆ 'ಪ್ರೀತಿ' ಎಂದು ಹೆಸರಿಟ್ಟುಬಿಟ್ಟರೆ ಮಾಡುವವಳ ಬಾಯಿ ತಾನಾಗಿಯೇ ಮುಚ್ಚುತ್ತದೆ, ಅಷ್ಟು ಗೊತ್ತು. ಕೇಳಿದರೆ ಪ್ರೀತಿ ಇಲ್ಲವೆಂದಾಗುತ್ತದಲ್ಲ. ನಮ್ಮ ಮನೆತನದಲ್ಲಿ ಕಾಯಕ, ದಾಸೋಹ ಎಂಬ ಎರಡು ಮಾತು ಹುಟ್ಟಿದಂದಿನಿಂದ ಕಿವಿಗೆ ಬೀಳುತ್ತವೆ. ದುಡಿಯುವುದು ಒಂದು, ದುಡಿದದ್ದನ್ನು ಹಂಚುವುದು ಇನ್ನೊಂದು. ಕೂಲಿ ಬೇಡವೆಂದು ಹಿರಿಯರು ಎಲ್ಲಿಯೂ ಹೇಳಲಿಲ್ಲ. ಕೂಲಿ ಕೈಗೆ ಬಂದರೆ ತಾನೇ ಹಂಚಲಿಕ್ಕೆ ಬರುವುದು? ಹೆಣ್ಣುಮಕ್ಕಳನ್ನು ಮಾತ್ರ ಮೊದಲನೆಯದರ ಕೂಲಿ ಬಿಡಿಸಿ ನೇರ ಎರಡನೆಯದಕ್ಕೆ ಕೂರಿಸಿದ್ದಾರೆ. ಇದು ಅವತ್ತು ಅಂಟಿನ ಉಂಡೆಯ ತಾಟಿನ ಮುಂದೆ ಕೂತಾಗ ಹೊಳೆಯಿತು, ಖುಷಿಯಿಂದ ಮೈ ಝುಂ ಎಂದಿತು.

ಹುಡುಗಿ ಕೂಸನ್ನು ನನ್ನ ತೊಡೆಗೆ ಹಾಕಿ, ಗಂಡನ ಎದುರು ಕೂತು, ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. "ನನಗ ವಾಪಸ್ ಹೋಗಬೇಕು. ಟೆಸ್ಟಿಂಗ್ ಕೆಟ್ಟದ್ದಂತಲ್ಲ. ನನಗ ಇದು ಬರ್ತದ, ಇದು ಬೇಕು. ಆದರ ಮೊದಲಿನಂಗ ಹೋಗಂಗಿಲ್ಲ. ಕರದಾಗ ಓಡಿಹೋಗೋ ಕ್ಯಾಶುವಲ್ ಸಾಕು. ಇಂಥಾ ದಿನ ಅಂತ ಕಾಯಂ ಬೇಕು. ಹೊಸಬರಿಗೆ ಕಲಸೋದು ನಾನ, ಆದರ ಕಲಸೋರ ದರ್ಜೆ ಇಲ್ಲ ನನಗ. ಅದೂ ಬೇಕು."

"ಕೇಳ್ದೇ ಇದ್ಯಾ ಇಷ್ಟು ದಿನ?" ಅಳಿಯನಿಗೆ ಆಶ್ಚರ್ಯ.

"ನಾವೆಲ್ಲಾ ಫ್ಯಾಮಿಲಿ ಅಲ್ಲೇನು," ಎಂದಳು. ಈ ಸಲ ನನಗೆ ನಗು ಬರಲಿಲ್ಲ.

ಅವನು ಗಡ್ಡ ಕೆರೆದುಕೊಂಡ. "ನನಗೂ ಪೇರೆಂಟಲ್ ಲೀವ್ ಇದೆ. ತಗೋಳೋದು ಬೇಡ ಅಂದ್ಕೊಂಡಿದ್ದೆ, ಆಫೀಸಲ್ಲಿ ಏನಂದ್ಕೋತಾರೋ ಅಂತ. ನಿಮ್ಮಮ್ಮ ಹುಷಾರಾಗಿ ಬರೋವರ್ಗೂ ನಾನು ನೋಡ್ಕೋತೀನಿ. ಆದ್ರೆ ಅವರು ಕಾಯಂ ಅಂತ ಬರೆದುಕೊಡ್ಬೇಕು. ಇಲ್ಲಾಂದ್ರೆ ನನ್ನ ಲೀವೂ ಹೋಯ್ತು, ನಿನ್ನ ಕೆಲ್ಸಾನೂ ಹೋಯ್ತು." ಹೆಂಡತಿ ತಲೆಯಾಡಿಸಿದಳು. ಎಲ್ಲ ಈಗ ಆ ಮ್ಯಾನೇಜರಿನ ಒಂದು ಮಾತಿನ ಮೇಲೆ ನಿಂತಿತು. ನನ್ನ ಸಂಬಳದ ಬಗ್ಗೆಯೂ ಅಲ್ಲೇ ಕೈ ಕೊಟ್ಟು ಒಪ್ಪಂದವಾಯಿತು. ನಾನು ಹೇಳಿದ ರೇಟೇ, ಆದರೆ ನನ್ನ ಪೂಜೆ, ಊಟ, ಮಧ್ಯಾಹ್ನದ ನಿದ್ದೆ ಬಿಟ್ಟು. ನ್ಯಾಯವೇ ಎಂದು ಒಪ್ಪಿದೆ.

ಬಾಣಂತಿ ಮೊದಲ ಸಲ ಹೊಸ್ತಿಲು ದಾಟುವ ದಿನ ಗಂಗೆ ಪೂಜೆ ಮಾಡಬೇಕು, ಬಾವಿಗೆ. ಲಿವರ್‌ಪೂಲಿನಲ್ಲಿ ಬಾವಿ ಎಲ್ಲಿ? ಹಿತ್ತಲಿನ ನಲ್ಲಿಯೇ ಗಂಗವ್ವ. ನಲ್ಲಿಗೆ ಅರಿಶಿನ ಬಳಿದು, ಕುಂಕುಮ ಹಚ್ಚಿ, ರವಿಕೆ ಬಟ್ಟೆಯ ಜಂಪರ್ ಪೀಸು ಸುತ್ತಿ, ನೈವೇದ್ಯ ಇಟ್ಟೆ. ಬೇಲಿಯಾಚೆ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕ ಇಣುಕಿ, ನಲ್ಲಿ ಸೋರುತ್ತಿದೆಯೇ, ನನ್ನ ಹತ್ತಿರ ಸ್ಪ್ಯಾನರ್ ಇದೆ ಎಂದ. ಅಳಿಯ ಅವನಿಗೆ ಒಂದು ಉಂಡೆ ಕೊಟ್ಟು ಎಲ್ಲ ವಿವರಿಸಿದ. ಮುದುಕ ತಲೆಯ ಟೊಪ್ಪಿಗೆ ತೆಗೆದು, ನಲ್ಲಿಗೆ ಮರ್ಯಾದೆಯಿಂದ ತಲೆ ಬಾಗಿಸಿದ. ಅವನ ಹೊಟ್ಟೆ ತಣ್ಣಗಿರಲಿ.

ಪೂಜೆ ಮುಗಿದ ಕೂಡಲೇ, ಒದ್ದೆ ಕೈ ಒರೆಸಿಕೊಂಡು, ಹುಡುಗಿ ಅಲ್ಲೇ ನಿಂತು ಫೋನು ಹಚ್ಚಿದಳು. ಸ್ಪೀಕರ್ ಹಾಕಿದಳು. ಮ್ಯಾನೇಜರ್, ಬರುತ್ತೀಯಾ, ದೇವರು ದೊಡ್ಡವನು ಎಂಬರ್ಥದಲ್ಲಿ ಏನೋ ಖುಷಿಯಿಂದ ಕೂಗಿದಳು. ಹುಡುಗಿ ತನ್ನ ಮಾತು ಶುರುಮಾಡಿದಳು. ಇಂಗ್ಲಿಷ್ ಅಷ್ಟೂ ನನಗೆ ತಿಳಿಯದಿದ್ದರೂ, ಅವಳ ಮಾತಿನಲ್ಲಿ 'ಸಾರಿ' ಎಂಬ ಶಬ್ದ ಒಂದು ಸಲವೂ ಬರಲಿಲ್ಲ ಎಂಬುದು ತಿಳಿಯಿತು. ಮೊದಲಾದರೆ ಪ್ರತಿ ಮಾತಿಗೂ ಸಾರಿ. ಕಾಯಂ ದಿನಗಳಿಗೆ ಆ ಕಡೆಯಿಂದ ಆಗಬಹುದು ಎಂದರು, ಮೇಲಿನವರನ್ನು ಕೇಳಿ ಬರೆದುಕೊಡುತ್ತೇನೆ ಎಂದರು. ಕಲಿಸುವವರ ದರ್ಜೆ ಎಂದ ಕೂಡಲೇ ಆ ಕಡೆಯಿಂದ ಬಜೆಟ್ಟು ಗಿಜೆಟ್ಟು ಎಂಬ ಮಾತು ಬಂತು.

"ನಾನು ಹೊಸಬರಿಗೆ ಕಲಿಸಬೇಕಾದರೆ ಆ ದರ್ಜೆ ಬೇಕು. ಇಲ್ಲದಿದ್ದರೆ ನನ್ನ ಕೆಲಸ ಮಾತ್ರ ಮಾಡುತ್ತೇನೆ," ಎಂದಳು ಹುಡುಗಿ ಇಂಗ್ಲಿಷಿನಲ್ಲಿ, ಮೆತ್ತಗೆ.

ವಿಚಾರಿಸಿ ಫೋನು ಮಾಡುತ್ತೇನೆ ಎಂದು ಆ ಕಡೆಯಿಂದ ಇಟ್ಟರು.

ಅವತ್ತು ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಳಿಯ ಮೀಟಿಂಗ್ ಬಿಟ್ಟು ಬಂದು ಬಂದು, "ಬಂತಾ?" ಎನ್ನುತ್ತಿದ್ದ. ಟೆಸ್ಟಿಂಗ್ ಕೋರ್ಸು ಮಾಡಿಸಬೇಕೆಂದಿದ್ದವನು ಇವನೇನಾ ಎಂದು ನನಗೆ ಒಳಗೊಳಗೇ ನಗು. ನಾವು ಉಪ್ಪುಪ್ಪು ಸಾರು ಉಣ್ಣುತ್ತಿರುವಾಗ ಫೋನು ಬಡಿದುಕೊಂಡಿತು. ಹುಡುಗಿ ಎಡಗೈಯಲ್ಲಿ ಎತ್ತಿದಳು. ಯಸ್, ಯಸ್, ಥ್ಯಾಂಕ್ ಯು ಎಂದಳು. ಇಟ್ಟಳು. ಮುಖ ನೋಡಿದರೆ ಏನೂ ತಿಳಿಯದು.

"ಹೇಳೇ, ಜೀವ ಹೋಗತದ!" ಎಂದೆ.

"ಎರಡೂ ಕೊಟ್ರು," ಎಂದಳು. ಅಳಿಯ ಎದ್ದು ನಿಂತು ಹೋ ಎಂದು ಕೂಗಿದ ರಭಸಕ್ಕೆ ಕೂಸು ಬೆಚ್ಚಿ ಎದ್ದಿತು. ಇಂಕ್ರಿಮೆಂಟ್ ದೊಡ್ಡದೇನಲ್ಲ ಎಂದು ಆಮೇಲೆ ತಿಳಿಯಿತು. ಅವನ ಸಂಬಳದ ಪಕ್ಕದಲ್ಲಿ ಇಟ್ಟರೆ ಈಗಲೂ ಸಣ್ಣದೇ. ಆದರೆ ಅದಕ್ಕೆ 'ಪ್ರೀತಿ' ಎಂದು ಹೆಸರಿರಲಿಲ್ಲ, ದರ್ಜೆಯ ಹೆಸರಿತ್ತು.

ಅವಳು ಕೆಲಸಕ್ಕೆ ಮರಳುವ ದಿನ ಕಣ್ಣಾರೆ ನೋಡಬೇಕೆಂದು, ಬಾಣಂತನ ಮುಗಿಸಿ ಮನೆಗೆ ಹೋಗಿದ್ದವಳು ಅವಳ ರಜೆ ಮುಗಿಯುವ ಹೊತ್ತಿಗೆ ಮೆಲ್ಬರ್ನಿನಿಂದ ಮತ್ತೆ ಬಂದೆ. ಈ ಸಲದ ಟಿಕೆಟ್ ನಾನು ಗಳಿಸಿದ ರೊಕ್ಕದ್ದು. ಕೂಸು ಗುಂಡಗಾಗಿತ್ತು. ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಂದವಳ ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಮೊಸರು ಸಕ್ಕರೆ ಹಾಕಿ ಕಳಿಸಿದೆ. ಬಾಗಿಲ ತನಕ ಹೋಗಿ, ತಿರುಗಿ ಬಂದು ಕೂಸಿನ ತಲೆ ಮೂಸಿ, ಮತ್ತೆ ಹೋದಳು.

ಮಧ್ಯಾಹ್ನ ಇಳಿದ ಮೇಲೆ ಬಂದಳು. ಬೂಟು ಬಿಚ್ಚಲು ಬಗ್ಗಿದವಳು ಹಾಗೆಯೇ ನೆಲದ ಮೇಲೆ ಕೂತುಬಿಟ್ಟಳು. ಅಂಗಿಯ ಹೆಗಲಿಗೆಲ್ಲ ಹಾಲು ಕಕ್ಕಿಸಿಕೊಂಡಿದ್ದ ಅಳಿಯ ಕೂಸನ್ನು ಅವಳ ಮಡಿಲಿಗೆ ಹಾಕಿ, "ಹೇಗಿತ್ತು?" ಎಂದ.

"ಸೊಂಟ ಬಿದ್ದು ಹೋತು," ಎಂದಳು, ಕಿವಿತನಕ ನಗುತ್ತ. "ಇಬ್ಬರು ಹೊಸಬರು ಬಂದಾರ. ಒಬ್ಬಾಕಿ ಹನ್ನೆರಡರೊಳಗ ಅತ್ತಳು. ನಾಳೆ ಬರಂಗಿಲ್ಲ ಅಂದಳು. ಕೂತು ಮಾತಾಡಿದೆ. ಬರ್ತಾಳಂತ."

ನಾನು ತವೆ ಇಟ್ಟೆ. ಅವಳು ನೆಲದ ಮೇಲೆಯೇ ಕೂತು, ಒಂದು ಕೈಯಲ್ಲಿ ಕೂಸು ಹಿಡಿದು, ಬಿಸಿ ರೊಟ್ಟಿ ಮುರಿಮುರಿದು ತಿನ್ನುತ್ತ, ಬಾಯಿ ತುಂಬಿಕೊಂಡೇ ಅಲ್ಲಿನ ಸುದ್ದಿ ಹೇಳುತ್ತ ಹೋದಳು, ಯಾವ ಅಜ್ಜ ಹಟ ಮಾಡಿದ, ಯಾವ ಅಜ್ಜಿ ಕೈ ಬಿಡಲಿಲ್ಲ. ಇನ್ನೊಂದು ಹಾಕಲೇ ಎಂದರೆ ಮಾತು ನಿಲ್ಲಿಸದೆ ತಾಟು ಮುಂದೆ ಮಾಡಿದಳು. ಶಿವನೇ, ಹುಡುಗಿಗೆ ಎಂಥಾ ಹಸಿವು ಕೊಟ್ಟೆಯಪ್ಪಾ ಎಂದುಕೊಂಡು, ಇನ್ನಷ್ಟು ಹಿಟ್ಟು ನಾದಲು ಕೂತೆ.